‘ಕನ್‌ಟ್ರೇರಿ’ ಪದವನ್ನು ನಾನು ಕಲಿಸುವ ಬಗೆ

ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ಕಾಂಟ್ರರಿ’ ಅನ್ನೋ ಪದ ಬಂದಾಗ ನಿಘಂಟು ತೆಗೆಸುವುದು ಕೊನೆಗೆ. ‘ವಿರುದ್ಧ’ ಅಂತ ಬರೆದುಕೊಂಡರೆ ಮಕ್ಕಳು ಅಲ್ಲಿಗೇ ನಿಲ್ಲುತ್ತಾರೆ. ಮನುಷ್ಯರ ನಡವಳಿಕೆ ಹೇಳುವಾಗ ಆ ಪದಕ್ಕಿರುವ ಖಾರ ಅವರಿಗೆ ಸಿಗುವುದೇ ಇಲ್ಲ.

ಅದಕ್ಕೇ ಮೊದಲು ಇಬ್ಬರು ಹುಡುಗಿಯರನ್ನು ಮುಂದೆ ಕರೆಯುತ್ತೇನೆ. ಒಬ್ಬಳು ಅಮ್ಮ, ಒಬ್ಬಳು ಮಗಳು.

“ಪುಟ್ಟಿ, ಮಳೆ ಬರೋ ಹಾಗಿದೆ. ಕೊಡೆ ತಗೊಂಡು ಹೋಗೇ.”

“ನಂಗೆ ಬೇಡ.”

“ಸರಿ ಬಿಡು, ಒಳಗಿಡ್ತೀನಿ.”

“ಯಾಕೆ ಒಳಗಿಡ್ತೀಯಾ? ನಂಗೆ ಬೇಕು!”

ಹಿಂದಿನ ಬೆಂಚಿನಿಂದ ‘ಹಟಮಾರಿ’ ಅಂತ ಕೂಗು ಬರುತ್ತದೆ. ಇಲ್ಲೇ ತಡೆದು ನಿಲ್ಲಿಸಬೇಕು. ಹಟಮಾರಿ, ಅಂದರೆ ಸ್ಟಬರ್ನ್ ಹುಡುಗಿ, ಬೇಡ ಅಂದ ಮೇಲೆ ಬೇಡವೇ. ತೊಯ್ದು ತೊಪ್ಪೆಯಾದರೂ ಕೊಡೆ ಮುಟ್ಟುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಗಾದೆ ಹತ್ತಿರ ಬರುತ್ತದೆ, ನಿಜ. ಆದರೆ ಕೋಣಕ್ಕೆ ನೀರಾದರೂ ಬೇಕಿರುತ್ತದೆ ಅಲ್ವಾ? ಇವಳಿಗೆ ಕೊಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಮ್ಮ ಹೇಳಿದ್ದಕ್ಕೆ ಉಲ್ಟಾ ಹೇಳಬೇಕು, ಅಷ್ಟೇ.

ಉಚ್ಚಾರಣೆಗೆ ಜಾಸ್ತಿ ಹೊತ್ತು ಕೊಡುತ್ತೇನೆ. ಎರಡು ಅರ್ಥಕ್ಕೂ ಸ್ಪೆಲಿಂಗ್ ಒಂದೇ. ‘ವಿರುದ್ಧ’ ಅನ್ನುವಾಗ ಒತ್ತು ಮೊದಲಿಗೆ: ಕಾಂಟ್ರರಿ. ಸ್ವಭಾವ ಹೇಳುವಾಗ ಒತ್ತು ನಡುವಿಗೆ: ಕನ್‌ಟ್ರೇರಿ. ಒತ್ತು ಬೀಳುವ ಕಡೆ ಡಸ್ಟರಿನಿಂದ ಮೇಜು ಕುಟ್ಟುತ್ತೇನೆ. ಮೇರಿ ಎಂಬ ಹುಡುಗಿಯ ಹಳೆಯ ಇಂಗ್ಲಿಷ್ ಶಿಶುಗೀತೆಯಲ್ಲಿ ಈ ಪದ ಅವಳ ಹೆಸರಿಗೇ ಪ್ರಾಸವಾಗಿ ಬರುತ್ತದೆ. ಅದನ್ನು ಹಾಡಿಸಿದರೆ ಒತ್ತು ತಾನಾಗಿ ಸರಿಹೋಗುತ್ತದೆ.

ಆಮೇಲೆ ವಾಕ್ಯಗಳು. ‘ಕಾಂಟ್ರರಿ ಟು ದ ಫೋರ್‌ಕಾಸ್ಟ್, ಇಟ್ ಡಿಡ್ ನಾಟ್ ರೇನ್ ಇನ್ ಆಗುಂಬೆ’: ಇಲ್ಲಿ ಬರೀ ಮುನ್ಸೂಚನೆಗೆ ವಿರುದ್ಧ. ‘ಶೀ ಈಸ್ ಜಸ್ಟ್ ಬೀಯಿಂಗ್ ಕನ್‌ಟ್ರೇರಿ’: ಸುಮ್ನೆ ಉಲ್ಟಾ ಆಡುತ್ತಿದ್ದಾಳೆ. ಈ ‘ಬೀಯಿಂಗ್’ ಬಿಡಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಅದಿದ್ದರೆ ಈ ಹೊತ್ತಿನ ಮಾತು. ಅದನ್ನು ಬಿಟ್ಟರೆ ಅವಳ ಗುಣವೇ ಅಂಥದ್ದು ಅಂದ ಹಾಗೆ. ಬೆಳೆಯುವ ಮಕ್ಕಳಿಗೆ ಹಾಗೆ ಹಣೆಪಟ್ಟಿ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

‘ಪರ್ವರ್ಸ್’ ಕೂಡ ಇದೇ ಕುಲದ್ದು, ಆದರೆ ಇನ್ನೂ ಕಟು. ಸರಿ ಯಾವುದು ಅಂತ ಗೊತ್ತಿದ್ದೂ ಬೇಕಂತಲೇ ಅದಕ್ಕೆ ಅಡ್ಡ ಹೋಗುವುದು. ಕೇಳಿದ ಕೂಡಲೇ ಕೆಲವರು ಅಶ್ಲೀಲ ಅಂದುಕೊಳ್ಳುತ್ತಾರೆ. ಜಮೀನಿನ ಕೇಸಿರುವ ಮನೆಯ ಮಕ್ಕಳು ಇದನ್ನು ತೀರ್ಪಿನ ಪ್ರತಿಯಲ್ಲಿ ನೋಡಿ ಬಂದು ಕೇಳುವುದುಂಟು. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ತೀರ್ಮಾನವನ್ನು ‘ಪರ್ವರ್ಸ್’ ಅಂದರೆ, ಅದಕ್ಕೆ ಸಾಕ್ಷ್ಯದ ಆಧಾರವೇ ಇಲ್ಲ, ಇಲ್ಲವೇ ಸಾಕ್ಷ್ಯಕ್ಕೆ ಪೂರ್ತಿ ಉಲ್ಟಾ ಇದೆ ಅಂತ. ಮನೆಯಲ್ಲಿ ಅಪ್ಪನಿಗೆ ಓದಿ ಹೇಳುವಾಗ ‘ವಿಕೃತ’ ಅನ್ನಬೇಡಿ, ಸಾಕ್ಷಿ ಹೇಳಿದ್ದೊಂದು, ಕೋರ್ಟು ಹಿಡಿದಿದ್ದೊಂದು ಅಂತ ಬಿಡಿಸಿ ಹೇಳಿ ಅನ್ನುತ್ತೇನೆ.