ಹೋಂವರ್ಕ್‌ಗೆ ಗೂಗಲ್‌ಗಿಂತ ಮೊದಲು ಪುಸ್ತಕದ ಕ್ಯೂಆರ್ ಕೋಡ್
ಮಕ್ಕಳು ಹೋಂವರ್ಕ್‌ಗೆ ಗೂಗಲ್ ಮಾಡುವ ಮೊದಲು, ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿಸಿ. ಕರ್ನಾಟಕದ ಸರ್ಕಾರಿ ಪಠ್ಯಪುಸ್ತಕ, ಎನ್‌ಸಿಇಆರ್‌ಟಿ ಪುಸ್ತಕ ಎರಡರಲ್ಲೂ ಈ ಕೋಡ್‌ಗಳಿವೆ. ಕೋಡ್ ಆ ಪುಸ್ತಕಕ್ಕೆಂದೇ ಜೋಡಿಸಿದ ವಿಡಿಯೋ, ಅಭ್ಯಾಸಗಳಿಗೆ ನೇರವಾಗಿ ಕರೆದೊಯ್ಯುತ್ತದೆ. ಹಾಗಾಗಿ ಬೇರೆ ತರಗತಿಯ, ಬೇರೆ ಸಿಲಬಸ್‌ನ ಉತ್ತರ ಸಿಕ್ಕಿ ಮಗು ಗೊಂದಲಕ್ಕೆ ಬೀಳುವುದಿಲ್ಲ. ಕ್ಯಾಮೆರಾ ಕೋಡ್ ಓದದಿದ್ದರೆ ಅದರ ಜೊತೆಗೇ ಅಚ್ಚಾಗಿರುವ ಅಕ್ಷರ-ಅಂಕಿಗಳನ್ನು ಆ್ಯಪ್‌ನಲ್ಲಿ ಟೈಪ್ ಮಾಡಿದರೂ ಸಾಕು. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಆದರೆ ಎಲ್ಲ ಪಾಠಕ್ಕೂ ಒಂದೇ ಸಮ ಸಾಮಗ್ರಿ ಇಲ್ಲ, ಕೆಲವು ಕೋಡ್‌ಗಳಲ್ಲಿ ಏನೂ ಸಿಗುವುದಿಲ್ಲ. ಪುಸ್ತಕ ಹಳೆಯ ಆವೃತ್ತಿಯದಾಗಿದ್ದರೆ ಪಾಠ ಹೊಂದದೇ ಇರಬಹುದು. ಟೀಚರ್ ತಾವೇ ಬರೆದುಕೊಟ್ಟ ಪ್ರಶ್ನೆಗೆ ಇಲ್ಲಿ ಸಿದ್ಧ ಉತ್ತರ ಇರುವುದಿಲ್ಲ, ಅದನ್ನು ಅವರನ್ನೇ ಕೇಳಿಸಿ.