ಸ್ಲ್ಯಾಬ್ ತಂಪು, ತರಗತಿಯ ಗದ್ದಲ: ನನ್ನ ಅನುಭವ

ತರಗತಿ, ಗ್ರಂಥಾಲಯ, ಸಭಾಂಗಣಗಳನ್ನು ಎ.ಸಿ. ಇಲ್ಲದೆ ತಂಪಾಗಿಡಲು ಹೊರಟರೆ ಬಿಸಿಲಿಗಿಂತ ಹೆಚ್ಚು ಕಾಡುವುದು ಸದ್ದು.

ಹಗಲಿಗೂ ರಾತ್ರಿಗೂ 8–10 ಡಿಗ್ರಿ ಅಂತರವಿರುವ ಕಡೆ ನಾನು ಕಾಂಕ್ರೀಟ್ ಸ್ಲ್ಯಾಬಿನ ಅಡಿಭಾಗವನ್ನು ಏನೂ ಹೊದಿಸದೆ ಬಿಡುತ್ತೇನೆ. ಹಗಲಿನ ಕಾವನ್ನು ಅದು ಹೀರಿಟ್ಟುಕೊಂಡು ರಾತ್ರಿಯ ತಂಗಾಳಿಗೆ ಬಿಟ್ಟುಕೊಡುತ್ತದೆ. ಒಂದು ದಿನದ ಏರಿಳಿತದಲ್ಲಿ ಕೆಲಸಕ್ಕೆ ಬರುವುದು ಸುಮಾರು 100 ಮಿ.ಮೀ. ಆಳ ಮಾತ್ರ. ತಂಪಿಗೆಂದು ಸ್ಲ್ಯಾಬನ್ನು ಇನ್ನೂ ದಪ್ಪ ಮಾಡಿದರೆ ಸಿಮೆಂಟ್ ದಂಡ.

ಆದರೆ ಕಾವು ಹೀರುವ ಕಾಂಕ್ರೀಟ್ ಸದ್ದು ಹೀರುವುದಿಲ್ಲ. 9 × 7 ಮೀಟರ್ ಅಳತೆಯ, 3.3 ಮೀಟರ್ ಎತ್ತರದ ಖಾಲಿ ತರಗತಿಯ ಘನಗಾತ್ರ 208 ಘನ ಮೀಟರ್. ನೆಲ, ಗೋಡೆ, ಚಾವಣಿ ಸೇರಿ 232 ಚ.ಮೀ. ಹೀರಿಕೆಯ ಗುಣಾಂಕ (ತಾಗಿದ ಸದ್ದಿನಲ್ಲಿ ಮೇಲ್ಮೈ ಹೀರುವ ಪಾಲು) 0.03 ಎಂದಿಟ್ಟುಕೊಂಡರೆ ದಕ್ಕುವ ಹೀರಿಕೆ ಬರೀ 7 ಚ.ಮೀ. ಸೇಬಿನ್ ಸೂತ್ರದಂತೆ 0.161ನ್ನು ಘನಗಾತ್ರದಿಂದ ಗುಣಿಸಿ ಹೀರಿಕೆಯಿಂದ ಭಾಗಿಸಿದರೆ ಅನುರಣನ, ಅಂದರೆ ಸದ್ದು ನಿಂತ ಮೇಲೂ ಕೋಣೆಯಲ್ಲಿ ಮೊಳಗುತ್ತಾ ಅಡಗಲು ಹಿಡಿಯುವ ಹೊತ್ತು, 4.8 ಸೆಕೆಂಡ್. ಪಾಠ ಸ್ಪಷ್ಟವಾಗಿ ಕೇಳಲು ಅದು 0.6ಕ್ಕೆ ಇಳಿಯಬೇಕು, ಅಂದರೆ 56 ಚ.ಮೀ. ಹೀರಿಕೆ ಬೇಕು.

ಇಡೀ ಚಾವಣಿಗೆ ಫಾಲ್ಸ್ ಸೀಲಿಂಗ್ ಹೊದಿಸಿದರೆ ಗದ್ದಲ ತಗ್ಗುತ್ತದೆ, ಸ್ಲ್ಯಾಬು ಮಾತ್ರ ಗಾಳಿಯ ಸಂಪರ್ಕ ಕಳೆದುಕೊಳ್ಳುತ್ತದೆ. ಹಾಗಾಗಿ ಖನಿಜ ಉಣ್ಣೆಯ ಹಲಗೆಗಳನ್ನು ಗಾಳಿ ಹರಿಯುವ ದಿಕ್ಕಿಗೆ ಸಮಾನಾಂತರವಾಗಿ, ಲಂಬವಾಗಿ ತೂಗುಹಾಕುತ್ತೇನೆ. ಎರಡೂ ಮುಖ ಸದ್ದನ್ನು ಹೀರುತ್ತವೆ, ನಡುವಿನಿಂದ ಗಾಳಿ ಮೇಲಿನ ಸ್ಲ್ಯಾಬಿಗೆ ತಾಗುತ್ತದೆ. ಉಳಿದದ್ದನ್ನು ಹಿಂಬದಿಯ ಗೋಡೆಗೆ ಹಾಕುತ್ತೇನೆ. ಶಿಕ್ಷಕರ ದನಿ ಮರಳಿ ಬರುವುದು ಮುಖ್ಯವಾಗಿ ಅಲ್ಲಿಂದಲೇ.

ಫಾಲ್ಸ್ ಸೀಲಿಂಗ್ ಇಲ್ಲ ಎಂದರೆ ಮುಚ್ಚಿಡಲು ಜಾಗವೂ ಇಲ್ಲ. ದೀಪ, ಫ್ಯಾನ್, ವೈರಿಂಗ್ ಪೈಪುಗಳ ಸ್ಥಾನ ಕಾಂಕ್ರೀಟ್ ಸುರಿಯುವ ಮೊದಲೇ ನಿಗದಿಯಾಗಬೇಕು, ಸೆಂಟ್ರಿಂಗ್ ಹಲಗೆಯ ಸಂದುಗಳನ್ನೂ ನಕ್ಷೆಯಲ್ಲಿ ತೋರಿಸಬೇಕು. ಇದನ್ನು ಎಲೆಕ್ಟ್ರಿಷಿಯನ್‌ಗೆ ಬಾಯಿಮಾತಿನಲ್ಲಿ ಹೇಳಿ ಬಿಟ್ಟರೆ ಆಮೇಲೆ ಸ್ಲ್ಯಾಬು ಕೊರೆಯುವ ಸದ್ದು ಕೇಳಬೇಕಾಗುತ್ತದೆ.

ಹೊರಗಿನ ಗದ್ದಲದ್ದು ಬೇರೆ ಲೆಕ್ಕ. ತೆರೆದ ಕಿಟಕಿ 10–15 ಡೆಸಿಬೆಲ್ ಮಾತ್ರ ತಡೆಯುತ್ತದೆ. ರಸ್ತೆಯಲ್ಲಿ 65 ಇದ್ದರೆ ಒಳಗೆ 50ಕ್ಕಿಂತ ಕೆಳಗಿಳಿಯದು, ತರಗತಿಗೆ ಬೇಕಾದದ್ದು 35. ಆದ್ದರಿಂದ ರಸ್ತೆಯ ಕಡೆಗೆ ಮೆಟ್ಟಿಲು, ಶೌಚಾಲಯ, ಉಗ್ರಾಣ.

ಸ್ಲ್ಯಾಬನ್ನು ತಣಿಸುವ ರಾತ್ರಿ ಗಾಳಿಗೆ ಕಿಟಕಿಗಳನ್ನೇ ನೆಚ್ಚಬಾರದು. ಬೀಗ ಹಾಕುವವರು ಸಂಜೆಯೇ ಎಲ್ಲವನ್ನೂ ಮುಚ್ಚುತ್ತಾರೆ, ಅದು ಅವರ ಕೆಲಸ. ಮಳೆ, ಕಳ್ಳರು ಎರಡನ್ನೂ ತಡೆಯುವ ಲೂವರ್ (ಓರೆ ಪಟ್ಟಿಗಳ) ಕಿಂಡಿಗಳನ್ನು ಬೇರೆಯಾಗಿಯೇ ಕೊಡಬೇಕು. ಸೊಳ್ಳೆ ಪರದೆ ಹಾಕಿದರೆ ಗಾಳಿಯ ಹರಿವು ತಗ್ಗುತ್ತದೆ, ಕಿಂಡಿಯನ್ನು ಅಷ್ಟೇ ಹಿಗ್ಗಿಸಬೇಕು.

ಉಪನ್ಯಾಸ ಮಂದಿರಕ್ಕೆ ಗಾಳಿಗೊಳವೆ, ಅಂದರೆ ಬಿಸಿ ಗಾಳಿ ತಾನಾಗಿ ಮೇಲೇರಿ ಹೊರಹೋಗುವ ಚಿಮಣಿ, ಚೆನ್ನಾಗಿ ಒಗ್ಗುತ್ತದೆ. 1993ರಲ್ಲಿ ತೆರೆದ, ಇಂಗ್ಲೆಂಡಿನ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದ ಕ್ವೀನ್ಸ್ ಕಟ್ಟಡದಲ್ಲಿ ಆಸನಗಳ ಕೆಳಗಿನಿಂದ ಬಂದ ಗಾಳಿ ಎತ್ತರದ ಚಿಮಣಿಗಳಿಂದ ಹೊರಹೋಗುತ್ತದೆ. ಆದರೆ ಈ ಸೆಳೆತ ತೀರಾ ಮೆಲುವಾದದ್ದು: 10 ಮೀಟರ್ ಎತ್ತರ, ಒಳಹೊರಗಿನ 5 ಡಿಗ್ರಿ ಅಂತರಕ್ಕೆ ಸಿಗುವ ಒತ್ತಡ ಸುಮಾರು 2 ಪಾಸ್ಕಲ್. ಕೊಳವೆ ಕಿರಿದಾದರೆ, ತಿರುವು ಹೆಚ್ಚಾದರೆ ಅದೂ ಸತ್ತುಹೋಗುತ್ತದೆ. ಎಲ್ಲ ಮಹಡಿಗೂ ಒಂದೇ ಕೊಳವೆ ಕೊಟ್ಟರೆ ಕೆಳಗಿನವರು ಉಸಿರಾಡಿ ಬಿಟ್ಟ ಗಾಳಿ ಮೇಲಿನ ಮಹಡಿಯ ಕೋಣೆಗೆ ನುಗ್ಗುತ್ತದೆ. ಮೇಲಿನ ಮಹಡಿಯನ್ನು ಆ ಕೊಳವೆಗೆ ಜೋಡಿಸದೆ, ಅದಕ್ಕೆ ಪ್ರತ್ಯೇಕ ಕೊಳವೆ ಎಬ್ಬಿಸುತ್ತೇನೆ.