ಸುಂಕ ಬೀಳುವುದು ಯಾವ ಬೆಲೆಯ ಮೇಲೆ? ಮೈಸೂರಿನ ಊದುಬತ್ತಿ ಘಟಕಗಳ ಜೊತೆ ಕೂತು ಮಾಡಿದ ಲೆಕ್ಕ

2025ರ ಆಗಸ್ಟ್ 7ರಂದು ಭಾರತದ ಸರಕಿನ ಮೇಲೆ ಅಮೆರಿಕ ಶೇ 25 ಹೆಚ್ಚುವರಿ ಸುಂಕ ಹಾಕಿತು. 27ರಂದು ಅದು ಶೇ 50ಕ್ಕೆ ಏರಿತು. ಇಲ್ಲಿನ ಲೆಕ್ಕವೆಲ್ಲ ಆಗಿನ ಶೇ 50ರ ದರದ್ದು. ಅಲ್ಲಿನ ಖರೀದಿದಾರರಿಂದ ಬಂದದ್ದು ಒಂದೇ ಮಾತು: ರೇಟು ಇಳಿಸಿ. ಲೆಕ್ಕ ಹಾಕದೆ ಒಪ್ಪಬೇಡಿ ಎಂದು ಘಟಕದವರನ್ನು ತಡೆದದ್ದೇ ನಮ್ಮ ಮೊದಲ ಕೆಲಸ.

ಅಮೆರಿಕದ ಕಸ್ಟಮ್ಸ್ ಸುಂಕ ಕಟ್ಟಿಸಿಕೊಳ್ಳುವುದು ಎಫ್‌ಒಬಿ ಬೆಲೆಯ ಮೇಲೆ, ಅಂದರೆ ಇಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆಯ ಮೇಲೆ, ಅಂಗಡಿ ಬೆಲೆಯ ಮೇಲಲ್ಲ. ಪೊಟ್ಟಣವನ್ನು 40 ಸೆಂಟ್‌ಗೆ ಕೊಡುತ್ತೀರಿ ಎನ್ನೋಣ. ಸುಂಕ 20 ಸೆಂಟ್. ಅದೇ ಪೊಟ್ಟಣ ಅಲ್ಲಿ 3 ಡಾಲರ್‌ಗೆ ಮಾರಾಟವಾದರೆ ಆ ಬೆಲೆಯಲ್ಲಿ ಹೊಸ ಸುಂಕದ ಪಾಲು ಶೇ 7 ಕೂಡ ಆಗುವುದಿಲ್ಲ. ಹಾಗಾಗಿ ಪೂರ್ತಿ ಹೊರೆಯನ್ನು ನೀವೇ ಹೊರಿ ಎನ್ನುವುದು ನ್ಯಾಯವಲ್ಲ. ಇನ್ನೊಂದು ವಿಷಯ, ಬೆಲೆ ಇಳಿದರೆ ಸುಂಕವೂ ಇಳಿಯುತ್ತದೆ. 100 ಡಾಲರ್‌ನ ಸರಕು ಅವರಿಗೆ 150ಕ್ಕೆ ಬೀಳುತ್ತದೆ. 90ಕ್ಕೆ ಕೊಟ್ಟರೆ 135ಕ್ಕೆ. (ಊದುಬತ್ತಿಗೆ ಮೊದಲಿನಿಂದ ಇರುವ ಸಣ್ಣ ಸುಂಕವನ್ನು ಇಲ್ಲಿ ಸೇರಿಸಿಲ್ಲ.) ನೀವು ಬಿಟ್ಟದ್ದು 10, ಅವರಿಗೆ ಉಳಿದದ್ದು 15. ಖರೀದಿದಾರರಿಗೆ ಬರೆಯುವ ಉತ್ತರದಲ್ಲಿ ಈ ಅಂಕಿಗಳನ್ನು ಹಾಗೇ ಇಡಿ. ‘ದಯವಿಟ್ಟು ಸಹಕರಿಸಿ’ ಎನ್ನುವುದಕ್ಕಿಂತ ಅವೇ ಹೆಚ್ಚು ಕೆಲಸ ಮಾಡುತ್ತವೆ. ರಿಯಾಯಿತಿ ಕೊಟ್ಟರೂ ಯಾವ ತಾರೀಖಿನವರೆಗೆ, ಸುಂಕ ಇಳಿದರೆ ಹಳೆಯ ರೇಟಿಗೆ ಯಾವಾಗ ಮರಳುವುದು, ಎರಡನ್ನೂ ಬರೆಸಿಕೊಳ್ಳಿ.

ಹೆಚ್ಚಿನವರು ಎಡವುವುದು ಇನ್‌ವಾಯ್ಸ್‌ನಲ್ಲಿ. ಡಿಡಿಪಿ ಷರತ್ತಿನಲ್ಲಿ, ಅಂದರೆ ಸುಂಕವನ್ನೂ ತಾವೇ ಕಟ್ಟಿ ಖರೀದಿದಾರರಿಗೆ ಮುಟ್ಟಿಸುವ ಷರತ್ತಿನಲ್ಲಿ, ಮಾರುವವರು ಹಡಗಿನ ಬಾಡಿಗೆ, ವಿಮೆ, ಸುಂಕ ಎಲ್ಲವನ್ನೂ ಒಂದೇ ಮೊತ್ತವಾಗಿ ಬರೆದುಬಿಡುತ್ತಾರೆ. ಆಗ ಬಾಡಿಗೆಗೂ ಸುಂಕ, ಸುಂಕದ ಮೇಲೂ ಸುಂಕ. ಒಂದೊಂದನ್ನೂ ಬೇರೆ ಸಾಲಿನಲ್ಲಿ, ನಿಜವಾಗಿ ಕೊಟ್ಟ ಮೊತ್ತದಲ್ಲೇ ತೋರಿಸಿ, ರಸೀದಿ ಇಟ್ಟುಕೊಳ್ಳಿ. ಸಾಧ್ಯವಾದರೆ ಎಫ್‌ಒಬಿಗೇ ಬದಲಾಯಿಸಿ: ಡಿಡಿಪಿಯಲ್ಲಿ ಸರಕು ಸಮುದ್ರದ ಮೇಲಿರುವಾಗ ಸುಂಕ ಏರಿದರೂ ಕಟ್ಟಬೇಕಾದವರು ಮಾರಿದವರೇ.

ಎರಡು ಅಡ್ಡದಾರಿಗಳ ಬಗ್ಗೆ ಎಲ್ಲರೂ ಕೇಳಿದರು. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸಿದರೆ ಇಲ್ಲಿನ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್‌ಗೂ ಬ್ಯಾಂಕಿಗೆ ಬರುವ ಹಣಕ್ಕೂ ತಾಳೆಯಾಗದು, ಸಿಕ್ಕಿಬೀಳುವುದು ಅಲ್ಲೇ. ದುಬೈಗೆ ಕಳಿಸಿ ಲೇಬಲ್ ಬದಲಾಯಿಸಿದರೆ ಸರಕಿನ ಮೂಲ ದೇಶ ಬದಲಾಗುವುದಿಲ್ಲ, ಜೊತೆಗೆ ಹಾಗೆ ತಪ್ಪಿಸಿಕೊಳ್ಳಲು ಸುತ್ತಿಸಿದ ಸರಕಿಗೆ ಅಮೆರಿಕ ಶೇ 40 ಸುಂಕವನ್ನು ಗೊತ್ತುಮಾಡಿತ್ತು. ಯುಎಇಯಲ್ಲೇ, ಆಸ್ಟ್ರೇಲಿಯಾದಲ್ಲೇ ಮಾರುವುದು ಬೇರೆ ಮಾತು. ಎರಡರ ಜೊತೆಗೂ 2022ರಿಂದ ಭಾರತಕ್ಕೆ ವ್ಯಾಪಾರ ಒಪ್ಪಂದವಿದೆ. ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ) ಜಾಲತಾಣದಲ್ಲಿ ಆ ಒಪ್ಪಂದದ ಹೆಸರಿನಲ್ಲೇ, ಸರಕು ಭಾರತದ್ದು ಎನ್ನುವ ಮೂಲ ಪ್ರಮಾಣಪತ್ರ ತೆಗೆಯಬೇಕು. ಸಾಮಾನ್ಯ ಪ್ರಮಾಣಪತ್ರಕ್ಕೆ ಸುಂಕದ ರಿಯಾಯಿತಿ ಸಿಗುವುದಿಲ್ಲ.

ಸರಕು ಹೋದ ಮೇಲೆ ಬೆಲೆ ಇಳಿಸುವುದಾದರೆ ಮೊದಲು ಬ್ಯಾಂಕಿನ ಒಪ್ಪಿಗೆ ಬೇಕು, ಇಷ್ಟು ಕಡಿಮೆ ಮಾಡಿದ್ದೇವೆ ಎಂದು ಖರೀದಿದಾರರಿಗೆ ಬರೆದುಕೊಡುವ ಕ್ರೆಡಿಟ್ ನೋಟ್ ಒಂದೇ ಸಾಲದು. ರಫ್ತಿನ ಹಣ ತರಿಸಿಕೊಳ್ಳಲು ಇದ್ದ 9 ತಿಂಗಳ ಗಡುವನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ಏರಿಸಿತು.

ಆರ್ಡರ್ ನಿಂತಾಗ ಸುಗಂಧದ ಎಣ್ಣೆಯಲ್ಲಿ ಅದ್ದಿದ ಮಾಲನ್ನು ಪೇರಿಸಿಡಬೇಡಿ, ದಿನ ಕಳೆದಂತೆ ವಾಸನೆ ಹೋಗುತ್ತದೆ. ಅದ್ದದ ಬತ್ತಿಯನ್ನು ಚೆನ್ನಾಗಿ ಒಣಗಿಸಿ ನೆಲದಿಂದ ಎತ್ತರದಲ್ಲಿಡಿ. ತೇವ ಹಿಡಿದರೆ ಬೂಷ್ಟು ಬರುತ್ತದೆ. ಖರೀದಿದಾರರ ಬ್ರಾಂಡ್ ಅಚ್ಚಾದ ಪೊಟ್ಟಣವನ್ನು ಇಲ್ಲಿನ ಪೇಟೆಗೆ ಬಿಡಬೇಡಿ, ಬಿಚ್ಚಿ ಬೇರೆ ಪೊಟ್ಟಣಕ್ಕೆ ತುಂಬಿ.

ಮನೆಯಲ್ಲಿ ಬತ್ತಿ ಹೊಸೆಯುವ ಹೆಂಗಸರಿಗೆ ಕೂಲಿ ಸಾವಿರ ಬತ್ತಿಯ ಲೆಕ್ಕದಲ್ಲಿ. ಮಾಲು ಕಡಿಮೆಯಾದಾಗ ಹತ್ತು ಮನೆಗಳಲ್ಲಿ ಐದಕ್ಕೆ ಪೂರ್ತಿ ನಿಲ್ಲಿಸುವ ರೂಢಿಯಿದೆ. ಹತ್ತೂ ಮನೆಗೆ ಅರ್ಧರ್ಧ ಹಂಚಿ ಎಂದು ನಾವು ಹಟ ಹಿಡಿದೆವು. ನಿಂತುಹೋದ ಮನೆಯವರು ಬೇರೆ ಕೆಲಸಕ್ಕೆ ಸೇರಿಬಿಟ್ಟರೆ, ಮಸಾಲ ಬತ್ತಿಯನ್ನು (ಪರಿಮಳವನ್ನು ಹಿಟ್ಟಿನಲ್ಲೇ ಕಲಸಿ ಮಾಡುವ ಬತ್ತಿ) ಒಂದೇ ದಪ್ಪಕ್ಕೆ ಹೊಸೆಯುವ ಕೈ ಆಮೇಲೆ ಸಿಗುವುದಿಲ್ಲ. ಪರಿಮಳವಿಲ್ಲದ ಕಚ್ಚಾಬತ್ತಿ ಹೊಸೆಯಲು ಕೊಟ್ಟು ಹೆಂಗಸರ ಕೂಲಿಯ ಕೊರತೆ ತುಂಬಲೂ ಆಗದು, ಅದಕ್ಕೆ ಕೂಲಿ ಕೊಡುವುದು ಯಂತ್ರದ ರೇಟಿಗೆ.